ಒಂದು ಮೊರ ತವುಡು

ನನ್ನ ಮಗನನ್ನು ಅವನ ತಾಯಿ ತೊಟ್ಟಿಲಿಗೆ ಹಾಕಿದ ದಿನವೇ ಮಾರಿಬಿಟ್ಟಳು. ಅವನಿಗಿಂತ ಮೊದಲು ಹುಟ್ಟಿದ ಎರಡು ಕೂಸುಗಳು ಉಳಿದಿರಲಿಲ್ಲ. ಇದಾದರೂ ಉಳಿಯಲಿ ಎಂದು ನಮ್ಮವ್ವ ಜಾನಮ್ಮ ಹಳೇ ಪದ್ಧತಿ ಹಿಡಿದಳು. ಎದುರುಮನೆಯ ಚಿನ್ನತಾಯಿ ಒಂದು ಮೊರ ತವುಡು ಕೊಟ್ಟು ಕೂಸನ್ನು ಕೊಂಡಳು, ಸಾಕಲು ನಮಗೇ ವಾಪಸ್ ಕೊಟ್ಟಳು. ತವುಡಿಗೆ ಹೋದ ಮಗು ಯಮನ ಕಣ್ಣಿಗೂ ಅಗ್ಗವಂತೆ. ಆದರೆ ಅವನ ಮದುವೆಯಾಗುವ ತನಕ ಹೆತ್ತವಳು 'ನನ್ನ ಮಗ' ಎಂದು ಬಾಯಿಬಿಟ್ಟು ಹೇಳಬಾರದು. ಹೇಳಿದರೆ ವ್ಯಾಪಾರ ಮುರಿಯಿತು.

ನಾನು ಇದನ್ನೆಲ್ಲ ನಂಬುವವನಲ್ಲ. ನಮ್ಮವ್ವನ ಎದುರಿಗೆ ನಂಬದಿರುವ ಧೈರ್ಯವೂ ನನಗಿಲ್ಲ.

ಹುಡುಗ ಮಣಿಕಂಡನ್ ಈಗ ಪೊಳ್ಳಾಚಿ ಹತ್ತಿರದ ನಮ್ಮೂರು ಕಿಣತ್ತುಕಡವಿನಲ್ಲಿ ಒಂದನೇ ಕ್ಲಾಸು. ಹೊಸ ಟೀಚರ್ ಮನೆಯ ವಿಚಾರ ಕೇಳಿದ್ದಕ್ಕೆ ಮಹಾನುಭಾವ, "ನನ್ನನ್ನು ಅಮ್ಮ ತವುಡಿಗೆ ಮಾರಿದ್ದಾಳೆ" ಎಂದು ಎದೆಯುಬ್ಬಿಸಿ ಹೇಳಿದ್ದಾನೆ. ಟೀಚರ್ ಗಾಬರಿಯಾಗಿ ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದರು. ಮರುದಿನ ನಾನು ಟೊಮೇಟೊ ಮಂಡಿಯಿಂದ ಬರುವಷ್ಟರಲ್ಲಿ ಮನೆಮುಂದೆ ಸರ್ಕಾರಿ ಜೀಪು.

ಬಂದಿದ್ದವರು ಮಕ್ಕಳ ರಕ್ಷಣಾ ಅಧಿಕಾರಿ ಇಂದುಜಾ, ಇನ್ನೂ ಹುಡುಗಿಯಂಥವರು. ಮಾರಾಟವಾದ ಮಗುವನ್ನು ವಶಕ್ಕೆ ತೆಗೆದುಕೊಂಡು ಕೊಯಮತ್ತೂರಿನ ಮಕ್ಕಳ ಗೃಹಕ್ಕೆ ಸೇರಿಸುವ ಅಧಿಕಾರ ತಮಗಿದೆ ಎಂದು ತಮಿಳಿನಲ್ಲಿ ಖಡಕ್ಕಾಗಿ ಹೇಳಿದರು.

"ಅದೆಲ್ಲ ಬರೀ ಶಾಸ್ತ್ರಕ್ಕೆ ಮೇಡಮ್," ಎಂದೆ.

"ನೀವು ಸುಮ್ಮನಿರಿ. ತಾಯಿ ಹೇಳಲಿ. ಈ ಮಗು ಯಾರದು?"

ನನ್ನ ಹೆಂಡತಿ ತಮಿಳ್‌ಸೆಲ್ವಿ ನನ್ನ ಮೇಲೆ ಜಗಳಕ್ಕೆ ನಿಂತರೆ ಪೊಳ್ಳಾಚಿ ಬಸ್ಸೂ ನಿಂತು ಕೇಳುತ್ತದೆ. ಅವತ್ತು ಬಾಯಿಗೆ ಬೀಗ. 'ನನ್ನದು' ಎಂಬ ಒಂದು ಮಾತಿಗೆ ಜೀಪು ಬಂದ ದಾರಿಯಲ್ಲೇ ಹೋಗುತ್ತಿತ್ತು. ಅವಳು ಅತ್ತೆಯ ಮುಖ ನೋಡಿದಳು. ಅತ್ತೆ ಬೇಡವೆಂದು ತಲೆಯಾಡಿಸಿದಳು.

"ನಂದು!" ಎಂದು ಕೂಗುತ್ತ ಚಿನ್ನತಾಯಿ ಬೀದಿ ದಾಟಿ ಬಂದಳು. "ತವುಡು ಕೊಟ್ಟು ತಗೊಂಡವಳು ನಾನು!"

"ಆಮಾ ಅಮ್ಮಣಿ, ನಿಜವೇ," ಎಂದು ನಮ್ಮವ್ವ ಸಾಕ್ಷಿ ಹೇಳಿದಳು. "ಜರಡಿ ಹಿಡ್ದ ಒಳ್ಳೇ ತವುಡು."

ಕೊಂಡವಳೂ ಸಾಕ್ಷಿಯೂ ಹೀಗೆ ಮೇಲೆ ಬಿದ್ದು ಒಪ್ಪಿಕೊಂಡ ಕೇಸು ಆ ಅಧಿಕಾರಿಗೆ ಹಿಂದೆಂದೂ ಸಿಕ್ಕಿರಲಾರದು. ಅವರು ಮಣಿಕಂಡನ ಕೈ ಹಿಡಿದರು. ಅವನಿಗೋ ಜೀಪೆಂದರೆ ಪ್ರಾಣ. ಹಲ್ಲು ಕಿರಿಯುತ್ತ ಹತ್ತಿ ಕೂತೇಬಿಟ್ಟ. ಡ್ರೈವರ್ ಬಾಗಿಲು ಹಾಕಿದ.

"ಬುಡುಂಗ!" ತಮಿಳ್‌ಸೆಲ್ವಿ ಜೀಪಿಗೆ ಅಡ್ಡ ಬಿದ್ದಳು. ಗಾಬರಿಯಲ್ಲಿ ತಮಿಳು ಮರೆತು ಮನೆಮಾತು ಕನ್ನಡವೇ ಬಂತು. "ನನ್ ಮಗ ಅವ್ನು! ನಾನ್ ಹೆತ್ತ ಮಗ!"

ಕನ್ನಡ ಬಾರದ ಇಂದುಜಾಗೂ ಅರ್ಥವಾಯಿತು. "ಇದನ್ನು ಮೊದಲೇ ಹೇಳಬಾರದಿತ್ತೇ?" ಎಂದು ಹುಡುಗನನ್ನು ಇಳಿಸಿದರು.

ನಮ್ಮವ್ವ ಹಣೆ ಚಚ್ಚಿಕೊಂಡಳು. "ಹೋಯ್ತು! ಯಾಪಾರ ಮುರ್ದೋಯ್ತು!"

ತಮಿಳ್‌ಸೆಲ್ವಿ ಮಗನನ್ನು ಅಪ್ಪಿಕೊಂಡು ನೆಲದ ಮೇಲೇ ಕುಸಿದು ಅತ್ತಳು. ಎರಡು ಹೋಗಿವೆ, ಇವನೂ ಹೋದರೆ ನಾನೇನು ಮಾಡಲಿ ಎಂದು ಇಂದುಜಾರನ್ನೇ ಕೇಳಿದಳು. ನಂಬದ ನಾನೂ ಹುಡುಗನ ಹಣೆ ಮುಟ್ಟಿ ನೋಡಿದೆ.

"ಸೀಕ್ರ ಬೇರೆ ಕೈಗೆ ಮಾರ್ಬುಡೋಣ," ಎಂದಳು ನಮ್ಮವ್ವ. ಒಮ್ಮೆ ಕೊಂಡ ಕೈ ಮತ್ತೆ ಕೊಳ್ಳುವಂತಿಲ್ಲ. ಅವಳ ಕಣ್ಣು ಅಧಿಕಾರಿಯ ಮೇಲೆ ಬಿತ್ತು. "ಅಮ್ಮಣಿ, ನೀನೇ ತಗೋ."

"ಅಜ್ಜೀ! ನಾನು ಮಕ್ಕಳ ಮಾರಾಟ ತಡೆಯೋಕೆ ಬಂದವಳು!"

ಚಿನ್ನತಾಯಿ ಆಗಲೇ ಮೊರದ ತುಂಬ ತವುಡು ತಂದು ಅವರ ಕೈಗಿಟ್ಟಿದ್ದಳು. ಇಂದುಜಾ ಮೊರ ನೋಡಿದರು. ನೆಲದ ಮೇಲೆ ಅಳುತ್ತಿದ್ದವಳನ್ನು ನೋಡಿದರು. ಕೊನೆಗೆ ಡ್ರೈವರಿಗೆ ಆ ಕಡೆ ತಿರುಗಲು ಹೇಳಿ, ತವುಡನ್ನೆಲ್ಲ ತಮಿಳ್‌ಸೆಲ್ವಿಯ ಮಡಿಲಿಗೆ ಸುರಿದರು.

ಕೊಂಡದ್ದನ್ನು ಒಯ್ಯುತ್ತೀರಾ ಎಂದು ಕೇಳಿದೆ.

"ಇಲ್ಲೇ ಬೆಳೆಯಲಿ. ನನ್ನ ಮಗನ ಮೇಲೆ ಕೈ ಮಾಡಿದರೆ ಮಾತ್ರ ಜೋಕೆ!"

ನಾನು ಯಾವತ್ತೂ ಹೊಡೆದವನಲ್ಲ. ಆದರೂ ಬೈಸಿಕೊಂಡವನು ನಾನೇ.

ಈಗ ತಿಂಗಳಿಗೊಮ್ಮೆ ಜೀಪು ಬರುತ್ತದೆ. ಇಂದುಜಾ ಬಾಗಿಲಲ್ಲಿ ನಿಂತು, "ಈ ಮಗು ಯಾರದು?" ಎಂದು ಅದೇ ಸರ್ಕಾರಿ ದನಿಯಲ್ಲಿ ಕೇಳುತ್ತಾರೆ. ತಮಿಳ್‌ಸೆಲ್ವಿ ಮಗನನ್ನು ಎದೆಗೆ ಅವುಚಿಕೊಂಡು, ಯಮನಿಗೂ ಕೇಳುವಂತೆ ಕೂಗುತ್ತಾಳೆ: "ನಿಮ್ದೇ ಅಮ್ಮಣಿ, ನಿಮ್ದೇ!"