ಜಾವಾ ಬಲ್ಲವರು ಬೇಕಾಗಿದ್ದಾರೆ

ಪೇಪರಿನಲ್ಲಿ ಹಾಕಿಸಿದ್ದು ಒಂದೇ ಸಾಲು: ಜಾವಾ ಬಲ್ಲವರು ತುರ್ತಾಗಿ ಬೇಕಾಗಿದ್ದಾರೆ. ಮರುದಿನ ಬೆಳಿಗ್ಗೆ ಏಳಕ್ಕೆಲ್ಲ ಶಂಶಾಬಾದಿನ ಆಚೆ ನಮ್ಮ ಸೈಟಿನ ಗೇಟಿನ ಮುಂದೆ ನಲವತ್ತು ಜನ ಹುಡುಗರು, ಹುಡುಗಿಯರು ಇಸ್ತ್ರಿ ಬಟ್ಟೆ ತೊಟ್ಟು, ಎದೆಗೆ ಫೈಲು ಅವಚಿಕೊಂಡು ಸಾಲಾಗಿ ನಿಂತಿದ್ದರು.

ಅವರ ತಪ್ಪಲ್ಲ. ಎರಡು ಸಾವಿರದ ಒಂದನೇ ಇಸವಿ ಅದು. ಶಹರದೊಳಗೆ ನಾರಾಯಣಗೂಡದ ಗೋಡೆಗಳ ಮೇಲೆ ಸಿನಿಮಾ ಪೋಸ್ಟರಿಗೆ ಜಾಗವಿಲ್ಲದಂತೆ ಜಾವಾ ಕಲಿಸುವವರ ಬೋರ್ಡುಗಳು ತುಂಬಿದ್ದವು. ಅದು ಕಂಪ್ಯೂಟರಿಗೆ ಹೇಳುವ ಭಾಷೆ ಎಂದು ಊರ ಶಾಲೆಯಲ್ಲಿ ಏಳನೇ ಈಯತ್ತೆಗೆ ನಿಂತ ನನಗೂ ಗೊತ್ತಾಗಿತ್ತು. ಆದರೆ ನಮಗೆ ಬೇಕಾಗಿದ್ದ ಜಾವಾ ಬೇರೆ. ಅದು ಸಮುದ್ರದ ಆಚೆಗಿರುವ ದ್ವೀಪ. ಅಲ್ಲಿಂದ ಬಂದ ಒಬ್ಬ ಸಣಕಲ ಮನುಷ್ಯ ಮಣ್ಣಿನ ಗುಡ್ಡೆಯ ಮೇಲೆ ಕುಕ್ಕರಗಾಲಲ್ಲಿ ಕೂತು, ನಲವತ್ತು ಜನರಿಗೂ ಒಬ್ಬೊಬ್ಬರಿಗೇ ತಲೆ ಬಾಗಿಸುತ್ತಿದ್ದ. ಹೆಸರು ವಾರ್ಸಿತೊ. ನಮ್ಮ ಕೂಲಿ ಗುಂಪಿನ ಬೂದೆಪ್ಪ ಮಾವನ ಬಾಯಲ್ಲಿ ಎರಡೇ ದಿನಕ್ಕೆ ವಾರಸದಾರ ಆಗಿದ್ದ.

ನಡೆದದ್ದು ಇಷ್ಟು. ಕಂಪನಿಯ ದೊಡ್ಡ ಸಾಹೇಬರು ಜಾವಾ ಸಾಫ್ಟ್‌ವೇರಿನಿಂದಲೇ ದೊಡ್ಡವರಾದವರು. ಒಂದು ಸಲ ಆ ದ್ವೀಪ ನೋಡಲು ಹೋಗಿ, ಬೆಂಕಿಗುಡ್ಡದ ಬುಡದ ಸುಂಬೆರ್‌ಜಾತಿ ಎಂಬ ಹಳ್ಳಿಯಲ್ಲಿ ನಾಲ್ಕು ದಿನ ಇದ್ದು ಬಂದರು. ಬಂದವರಿಗೆ ಹಟ ಹಿಡಿಯಿತು. ಎರಡು ಗಾಜಿನ ಕಟ್ಟಡಗಳ ನಡುವೆ ಮೂರು ಎಕರೆಯಲ್ಲಿ ಅದೇ ಹಳ್ಳಿ ಬೇಕು, ಮೆಟ್ಟಿಲು ಮೆಟ್ಟಿಲಾಗಿ ಭತ್ತದ ಮಡಿ ಬೇಕು, ಹೆಂಚಿನ ಮನೆ ಬೇಕು, ನೀರಿನಲ್ಲಿ ಬಾತುಕೋಳಿ ಬೇಕು. ದಾರಿ ತೋರಿಸಲು ಅಲ್ಲಿಂದ ಒಬ್ಬ ರೈತನನ್ನೂ ತರಿಸಿದರು. ಅವನ ಮಾತು ತಿಳಿಸಲು ದಿಲ್ಲಿಯಿಂದ ಬಂದ ಹುಡುಗಿ ಮೂರೇ ದಿನಕ್ಕೆ ಕಾಮಾಲೆ ಹಿಡಿದು ವಾಪಸು ಹೋದಳು. ಅದಕ್ಕೇ ಆ ಪೇಪರಿನ ಸಾಲು.

ನಮ್ಮದು ಸಿಂಧನೂರು ಕಡೆಯ ಹನ್ನೊಂದು ಜನರ ಗುಂಪು. ಗುಂಪಿಗೆ ನಾನೇ ಮುಂದಾಳು. ಅದಕ್ಕೆ ಮೊದಲು ಪಕ್ಕದ ಕಟ್ಟಡದಲ್ಲಿ ಬೊಂಬಿನ ಸಾರುವೆ ಹತ್ತಿ ಕಾಂಕ್ರೀಟು ಹೊರುತ್ತಿದ್ದೆವು. ನನಗೆ ಎತ್ತರ ಆಗದು. ಜಗಳಕ್ಕೆ ನಿಂತರೆ ಗುತ್ತೇದಾರನನ್ನೇ ಹಿಂದಕ್ಕೆ ಸರಿಸುವವಳು ನಾನು, ಆದರೆ ನಾಲ್ಕನೇ ಮಹಡಿಯಲ್ಲಿ ಕೆಳಗೆ ನೋಡಿದರೆ ಬೊಂಬನ್ನು ತಬ್ಬಿ ನಿಂತುಬಿಡುತ್ತಿದ್ದೆ. ಯಾರಿಗೂ ಹೇಳಿರಲಿಲ್ಲ. ಈ ಮಣ್ಣಿನ ಕೆಲಸ ಸಿಕ್ಕಾಗ ನೆಲಕ್ಕೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡಿದ್ದೆ. ಕೆಲಸ ಶುರುವಾಗದಿದ್ದರೆ ಸೋಮವಾರ ಮತ್ತೆ ಮೇಲಕ್ಕೆ ಎಂದು ತೋಟದ ಮ್ಯಾನೇಜರ್ ರವಿಶಂಕರ್ ಹೇಳಿಬಿಟ್ಟಿದ್ದರು. ಅವರು ಮೈಸೂರಿನವರು, ಬಯ್ಯುವಾಗಲೂ ಬಹುವಚನ ಬಿಡದವರು.

ನಲವತ್ತು ಜನರನ್ನೂ ವಾರ್ಸಿತೊ ಮುಂದೆ ಒಬ್ಬೊಬ್ಬರಾಗಿ ನಿಲ್ಲಿಸಿದರು. ಒಬ್ಬ ಹುಡುಗ ಇಂಗ್ಲಿಷಿನಲ್ಲಿ ಐದು ನಿಮಿಷ ಏನೇನೋ ಒಪ್ಪಿಸಿದ.

ವಾರ್ಸಿತೊ ನಕ್ಕು, "ಇಂಗಿ" ಎಂದ.

"ಸಾರ್, ಸೆಲೆಕ್ಟ್ ಆದ್ನಾ?" ಎಂದ ಹುಡುಗ.

"ಮನೆಗೆ ಹೋಗಿ ಮಾರಾಯ್ರೇ!" ರವಿಶಂಕರ್ ತಲೆ ಹಿಡಿದುಕೊಂಡರು. ಹುಡುಗರೆಲ್ಲ ಹೋದ ಮೇಲೆ ಅಳತೆಯ ಗೂಟ ತೋರಿಸಿ, ಕೈಸನ್ನೆ ಮಾಡಿ, "ಮಡಿ ಇಲ್ಲಿಂದ ಶುರು ಮಾಡೋಣ್ವಾ?" ಎಂದು ವಾರ್ಸಿತೊನನ್ನೇ ಕೇಳಿದರು.

"ಇಂಗಿ, ಇಂಗಿ."

ನಮ್ಮ ಕಡೆ ಹಕಾರ ನುಂಗಿ, ಹಿಂಗ ಅನ್ನುವುದನ್ನು ಇಂಗ ಅನ್ನುವವರೇ ಹೆಚ್ಚು. ನನ್ನ ಬಾಯಿ ನನ್ನನ್ನು ಕೇಳದೆ ತೆರೆಯಿತು.

"ಇಂಗ ಇರಲಿ ಅನ್ನಾಕತ್ತಾನ್ರಿ."

ರವಿಶಂಕರ್ ತಿರುಗಿದರು. "ಗದಿಗೆಮ್ಮ, ನಿಮಗೆ ಇವರ ಮಾತು ಅರ್ಥ ಆಗುತ್ತಾ?"

ಪಕ್ಕದಲ್ಲಿ ಬೊಂಬಿನ ಸಾರುವೆ ಗಾಳಿಗೆ ಕಿರ್ ಎಂದಿತು.

"ಆಗತೈತ್ರಿ," ಎಂದೆ.

"ಅದ್ಹೇಗೆ?"

"ಭಾಳ ಹಿಂದ ನಮ್ಮ ಕಡಿಯವರು ಹಡಗಿನ್ಯಾಗ ಅಲ್ಲಿಗಿ ಹೋಗಿದ್ರಂತ್ರಿ. ಸ್ವಲ್ಪ ಸ್ವಲ್ಪ ಒಂದೇ ಐತಿ."

"ನಮ್ಮೂರಾಗ ಹಳ್ಳ ಬಿಟ್ರ ನೀರಿಲ್ಲ, ಹಡಗ ಎಲ್ಲಿಂದ ಬಂತs ಗದಿಗೆವ್ವ?" ಎಂದು ಬೂದೆಪ್ಪ ಮಾವ ಕಿವಿಯಲ್ಲಿ ಕೇಳಿದ. ಅವನ ಕಾಲು ತುಳಿದೆ.

ಕೆಲಸ ಶುರುವಾಯಿತು. ವಾರ್ಸಿತೊ ಹತ್ತಿರ ಅವನ ಊರಿನ ಫೋಟೋಗಳ ಆಲ್ಬಮ್ ಇತ್ತು. ಹೊಗೆಯಾಡುವ ಗುಡ್ಡ, ಅದರ ಮೈಮೇಲೆ ಬೊಂಬಿನ ಕೊಳವೆಯಲ್ಲಿ ಒಂದು ಮಡಿಯಿಂದ ಇನ್ನೊಂದಕ್ಕೆ ಇಳಿಯುವ ನೀರು, ಉದ್ದನೆಯ ಮರದ ದೋಣಿಯಂಥದ್ದರಲ್ಲಿ ಒನಕೆ ಹಾಕಿ ಭತ್ತ ಕುಟ್ಟುವ ಆರು ಹೆಂಗಸರು. ಸುಂಬೆರ್‌ಜಾತಿ ಎಂಬ ಊರಿನ ಹೆಸರು ಕೇಳಿ ಬೂದೆಪ್ಪ ಮಾವನಿಗೆ ತಡೆಯಲಾಗಲಿಲ್ಲ. "ನಾವು ಜಾತಿ ಮನಸಿನ್ಯಾಗ ಇಟ್ಕೋತೀವಿ. ಇವರು ಊರಿನ ಹೆಸರಿನ್ಯಾಗನs ಇಟ್ಟಾರಲ್ಲೇ!" ಅವರಲ್ಲಿ ಜಾತಿ ಎಂದರೆ ತೇಗದ ಮರ ಎಂದು ತಿಳಿದದ್ದು ಎಷ್ಟೋ ದಿನದ ಮೇಲೆ.

ಮೊದಲ ಬದು ಹಾಕಿದೆವು. ವಾರ್ಸಿತೊ ಓಡಿ ಬಂದು, ಎರಡೂ ಕೈ ಬೀಸಿ, "ಓರಾ, ಓರಾ!" ಎಂದ.

"ಓರೆ ಬೇಕಂತ್ರಿ," ಎಂದೆ ರವಿಶಂಕರ್‌ಗೆ.

"ಬದು ಓರೆ ಇರುತ್ತಾ?"

"ಅವರ ಕಡಿ ಹಂಗs ಇರತೈತಿ. ಗುಡ್ಡದ ಊರಲ್ಲೇನ್ರಿ?"

ಬದು ಓರೆ ಮಾಡಿದೆವು. ಅವನು ಇನ್ನೂ ಜೋರಾಗಿ "ಓರಾ!" ಎಂದ. ಇನ್ನಷ್ಟು ಓರೆ ಮಾಡಿದೆವು. ಮೂರನೇ ದಿನ ನೀರು ಬಿಟ್ಟರೆ ಅದು ಮಡಿಯಲ್ಲಿ ನಿಲ್ಲದೆ ಬದುವಿನ ಮೇಲಿಂದ ಜಾರಿ ಗಾಜಿನ ಕಟ್ಟಡದ ಬಾಗಿಲಿಗೆ ಹೋಯಿತು. ಒಳಗಿನಿಂದ ಬಂದ ಹುಡುಗಿಯರು ಚಪ್ಪಲಿ ಕೈಯಲ್ಲಿ ಹಿಡಿದು ದಾಟಿದರು. ವಾರ್ಸಿತೊ ತಲೆಯ ಮೇಲೆ ಕೈ ಹೊತ್ತು "ಓರಾ, ಓರಾ, ಓರಾ" ಎಂದು ಕುಣಿದ.

ನನಗೆ ಸಿಟ್ಟು ನೆತ್ತಿಗೇರಿತು. ಸಲಿಕೆ ಬೀಸಿ ಒಗೆದೆ. "ಏ ವಾರಸದಾರ! ಇನ್ನೆಷ್ಟು ಓರೆ ಮಾಡಲೋ ನಿನಗ? ನಿನ್ನ ಸೊಂಟ ಓರೆ ಮಾಡಲೇನು?"

ಅವನು ಕೆಸರಿಗಿಳಿದು, ಓರೆ ಬದುವನ್ನು ಕೈಯಿಂದ ಬಡಿದು ಕೆಡವಿ, "ಓರಾ" ಎಂದು ತಲೆ ಅಲ್ಲಾಡಿಸಿದ. ಒಂದು ಮೊಳ ಬದುವನ್ನು ನೆಟ್ಟಗೆ ಮಾಡಿ, ಮುಖ ಅರಳಿಸಿ, "ಇಂಗಿ" ಎಂದ.

ಓರಾ ಎಂದರೆ ಬೇಡ. ಹಾಗಾದರೆ ಇಂಗಿ? ಒಂದು ಕಲ್ಲೆತ್ತಿ ತೋರಿಸಿ, "ಇದು ಬದನಿಕಾಯಿ ಏನು?" ಎಂದೆ.

"ಇಂಗಿ," ಎಂದ ವಿನಯದಿಂದ.

"ಈ ಬೂದೆಪ್ಪ ಮಾವ ಆನಿ ಏನು?"

"ಇಂಗಿ."

"ತಪ್ಪೇನೈತಿ," ಎಂದಳು ನನ್ನ ತಂಗಿ ಹಂಪಮ್ಮ. "ಉಣ್ಣಾಕ ಕುಂತ್ರ ಆನಿನs."

ಅದು ಬರೀ ಹೂಂರಿ, ಆಯ್ತರಿ ಅನ್ನುವ ಮಾತು. ದೊಡ್ಡವರ ಮುಂದೆ ಬೇಡ ಅನ್ನಲು ನಾಲಿಗೆ ಬಾರದವನು, ಕೇಳಿದ್ದಕ್ಕೆಲ್ಲ ಇಂಗಿ ಅಂದಿದ್ದ. ಸಿಟ್ಟಿಗೆದ್ದಾಗ ಮಾತ್ರ ನಿಜ ಹೊರಗೆ ಬಿದ್ದಿತ್ತು. ರಾತ್ರಿ ಬೀಳುವ ಮೊದಲೇ ಬದುಗಳನ್ನೆಲ್ಲ ನೆಟ್ಟಗೆ ಮಾಡಿದೆವು. ಮೂಲೆಯ ಒಂದೇ ಒಂದು ಉಳಿಯಿತು. ಅದರ ಮೇಲೆ ರವಿಶಂಕರ್ ಆಗಲೇ ಬಾತುಕೋಳಿಯ ಗೂಡು ಕಟ್ಟಿಸಿಬಿಟ್ಟಿದ್ದರು.

ನಾಟಿಯ ದಿನ ಎರಡನೇ ಬಾಂಬು ಬಿತ್ತು. ನಮ್ಮ ಹೆಂಗಸರು ಸೆರಗು ಕಟ್ಟಿ, ಸಾಲು ಹಿಡಿದು, ಬಗ್ಗಿ ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಸಸಿ ಹಚ್ಚತೊಡಗಿದರು. ವಾರ್ಸಿತೊ ಸಸಿಯ ಕಟ್ಟು ಹಿಡಿದು ಇಳಿದ. ಮುಂದಕ್ಕೆ ನಡೆದ. ತಾನು ಹಚ್ಚಿದ್ದನ್ನು ತಾನೇ ತುಳಿಯುತ್ತ ಹೋದ!

ಭತ್ತ ಎಲ್ಲಿಯದೇ ಆಗಲಿ, ಹಚ್ಚುವವನು ಹಿಂದಕ್ಕೇ ಸರಿಯಬೇಕು. ಅವನನ್ನು ತೋಳು ಹಿಡಿದು ಮೇಲಕ್ಕೆಳೆದು, ಹೆಂಚಿನ ಮನೆಯ ಹಿಂದಕ್ಕೆ ಕರೆದುಕೊಂಡು ಹೋದೆ. "ನೀ ರೈತ ಏನು?" ಎಂದು ನಾಟಿಯ ಸನ್ನೆ ಮಾಡಿ ಕೇಳಿದೆ.

"ಇಂ..." ಎಂದವನು ನನ್ನ ಮುಖ ನೋಡಿ ನಿಲ್ಲಿಸಿದ. ತಲೆ ತಗ್ಗಿಸಿ, "ಓರಾ," ಎಂದ.

ಆಲ್ಬಮಿನ ಕೊನೆಯ ಹಾಳೆಯ ಅಡಿಯಿಂದ ಒಂದು ಫೋಟೋ ತೆಗೆದ. ಕಿಟಕಿಯ ಪಕ್ಕ ಹೊಲಿಗೆ ಮಷಿನ್ನು, ಅದರ ಮುಂದೆ ಕೊರಳಿಗೆ ಟೇಪು ಹಾಕಿಕೊಂಡ ವಾರ್ಸಿತೊ. ಬದುಗಳನ್ನು ಅವನು ಜೇಬಿನ ಬಟ್ಟೆಯ ಟೇಪಿನಿಂದ ಅಳೆಯುತ್ತಿದ್ದದ್ದು ಆಗ ನೆನಪಾಯಿತು. ಇನ್ನೊಂದು ಫೋಟೋದಲ್ಲಿ ಊರಿಗೆ ಊರೇ ಗದ್ದೆಯಲ್ಲಿ ಬಗ್ಗಿತ್ತು. ಅದನ್ನು ತೋರಿಸಿ, ಕೈ ತಿರುವಿದ. ನಾಟಿಯ ಹೊತ್ತಿನಲ್ಲಿ ಯಾವ ರೈತ ಗದ್ದೆ ಬಿಟ್ಟು ವಿಮಾನ ಹತ್ತುತ್ತಾನೆ? ಊರಿನ ಹಿರಿಯ, ಕೈ ಖಾಲಿಯಿದ್ದ ದರ್ಜಿಯನ್ನು ಕೇಳಿದ್ದ, ದರ್ಜಿ ಇಂಗಿ ಅಂದಿದ್ದ.

ನನಗೆ ನಗು ತಡೆಯಲಿಲ್ಲ. ಭಾಷೆ ಬಾರದ ದುಭಾಷಿ ನಾನು, ಭತ್ತ ಹಚ್ಚಲು ಬಾರದ ರೈತ ಅವನು. ಅವತ್ತಿನಿಂದ ಹಚ್ಚುವುದು ನಾವು, ಬದುವಿನ ಮೇಲೆ ನಿಂತು ಗಂಭೀರವಾಗಿ ಇಂಗಿ ಅನ್ನುವುದು ಅವನು. ಒಂದು ಮಾತು ಹೇಳಬೇಕು. ಮನೆ ಎಲ್ಲಿ, ಕೊಳವೆ ಯಾವ ಕಡೆಗೆ, ತೆಂಗು ಎಷ್ಟು ದೂರ, ಅದರಲ್ಲಿ ಅವನ ಕಣ್ಣು ಕೂದಲೆಳೆಯಷ್ಟೂ ತಪ್ಪಲಿಲ್ಲ. ಊರನ್ನು ಅಂಗಿಯ ಹಾಗೆ ಅಳೆದು ಕತ್ತರಿಸಿ ಕೂರಿಸಿದ. ನಮ್ಮ ಹರಿದ ಕುಪ್ಪಸಗಳನ್ನೆಲ್ಲ ಹೊಲಿದೂ ಕೊಟ್ಟ.

ನಾಟಿಯಾಗಿ ಇಪ್ಪತ್ತು ದಿನಕ್ಕೆ ಉದ್ಘಾಟನೆ, ಅಷ್ಟರಲ್ಲಿ ಸಸಿ ಬೇರು ಕಚ್ಚಿ ಹಸಿರೇರಿತ್ತು. ದೊಡ್ಡ ಸಾಹೇಬರು ಜಾವಾದಿಂದಲೇ ಒಬ್ಬ ಅಮ್ಮನನ್ನು ಕರೆಸಿದ್ದರು. ಬಿಳಿ ತುರುಬು, ಮಣ್ಣಿನ ಬಣ್ಣದ ಲುಂಗಿಯಂಥ ಸೀರೆ, ಭತ್ತದ ತಳಿಗಳ ಮೇಲೆ ಪುಸ್ತಕ ಬರೆದವರಂತೆ. ಆಕೆ ಮೆಚ್ಚಿದರೆ ಈ ಊರು ಉಳಿಯುತ್ತದೆ, ಇಲ್ಲದಿದ್ದರೆ ಹುಲ್ಲುಹಾಸು ಹಾಕಿಸುತ್ತೇನೆ ಎಂದು ಸಾಹೇಬರು ಮೊದಲೇ ಹೇಳಿದ್ದರು. ಹುಲ್ಲುಹಾಸಿಗೆ ನಾವೇಕೆ ಬೇಕು? ನಾವು ಮತ್ತೆ ಸಾರುವೆಗೆ.

"ಮೇಡಂ, ನಮ್ಮ ಗದಿಗೆಮ್ಮನಿಗೆ ನಿಮ್ಮ ಭಾಷೆ ಬರುತ್ತೆ," ಎಂದು ರವಿಶಂಕರ್ ಹೆಮ್ಮೆಯಿಂದ ಇಂಗ್ಲಿಷಿನಲ್ಲಿ ಹೇಳಿ ನನ್ನನ್ನು ಮುಂದೆ ತಳ್ಳಿದರು.

ಆ ಅಮ್ಮ ನನ್ನ ಕೈ ಹಿಡಿದು ಮೆಲ್ಲಗೆ ಏನೋ ಕೇಳಿದರು. "ಇಂಗಿ," ಎಂದೆ. ಆಕೆಯ ಹುಬ್ಬು ಮೇಲೇರಿತು. ಇನ್ನೊಂದು ಕೇಳಿದರು. "ಇಂಗಿ." ತುಟಿ ಬಿಗಿಹಿಡಿದು ಮೂರನೆಯದನ್ನು ಕೇಳಿದರು. ಸಹಾಯಕ್ಕೆ ವಾರ್ಸಿತೊ ಕಡೆ ನೋಡಿದರೆ ಅವನು ಬಾತುಕೋಳಿ ಎಣಿಸುತ್ತಿದ್ದ. ಮೂರನೆಯದಕ್ಕೂ ಅದನ್ನೇ ಅಂದರೆ ಗಿಣಿಪಾಠ ಎಂದು ಗೊತ್ತಾಗುತ್ತದಲ್ಲ ಎಂದು, ಗಂಟಲು ಸರಿಮಾಡಿಕೊಂಡು ಗಟ್ಟಿಯಾಗಿ ಅಂದೆ: "ಓರಾ!"

ಆ ಅಮ್ಮ ನಕ್ಕ ರಭಸಕ್ಕೆ ಬದುವಿನ ಮೇಲೆ ಕೂತೇಬಿಟ್ಟರು. ಕಣ್ಣೊರೆಸಿಕೊಂಡು ಸಾಹೇಬರಿಗೆ ಇಂಗ್ಲಿಷಿನಲ್ಲಿ ಹೇಳಿದರು. ಸಾಹೇಬರೂ ನಕ್ಕರು. ರವಿಶಂಕರ್ ಮಾತ್ರ ನಗಲಿಲ್ಲ.

"ನಿಮಗೆ ಭಾಷೆ ಬರುತ್ತಾ ಅಂತ ಪರೀಕ್ಷೆ ಮಾಡಿದ್ದಂತೆ. ಮೊದಲನೇ ಪ್ರಶ್ನೆ, ನೀವು ಚಂದ್ರಲೋಕದಿಂದ ಬಂದ್ರಾ ಅಂತ," ಹಲ್ಲು ಕಚ್ಚಿ ಕನ್ನಡದಲ್ಲಿ ಹೇಳಿದರು. "ಹೌದು ಅಂದ್ರಿ. ಎರಡನೇದು, ಈ ವಾರ್ಸಿತೊ ನಿಮ್ಮ ಗಂಡನಾ ಅಂತ. ಅದಕ್ಕೂ ಹೌದು ಅಂದ್ರಿ."

"ಲಗ್ನಕ್ಕ ನಮ್ಮನ್ನ ಕರೀಲೇ ಇಲ್ಲಲ್ಲವ್ವ!" ಎಂದ ಬೂದೆಪ್ಪ ಮಾವ ಹಿಂದಿನಿಂದ.

"ಸುಮ್ಕಿರು ಮಾವ! ಮೂರನೇದ್ರಿ?"

"ಜೇಬಿನಿಂದ ಟೇಪು ನೇತಾಡುತ್ತಿರೋ ಈ ಮನುಷ್ಯನೇ ನಿಮಗೆ ನಾಟಿ ಕಲಿಸಿದ್ದಾ ಅಂತ. ನೀವು ಇಲ್ಲ ಅಂದ್ರಿ. ಅದೂ ಮಕ್ಕಳಿಗೆ ಗದರಿಸೋ ಹಾಗೆ. ದೊಡ್ಡವರಿಗೆ ಮ್ಬೋತೆನ್ ಅನ್ನಬೇಕಂತೆ."

ಮುಗಿಯಿತು ಎಂದುಕೊಂಡೆ. ಎದುರಿಗೆ ಸಾರುವೆ ಮುಗಿಲಿಗೆ ಚುಚ್ಚಿ ನಿಂತಿತ್ತು.

ಆ ಅಮ್ಮ ಸೀರೆ ಎತ್ತಿ ಕಟ್ಟಿ ಕೆಸರಿಗಿಳಿದರು. ಒಂದು ಬುಡ ಮೆಲ್ಲಗೆ ಜಗ್ಗಿದರು, ಬರಲಿಲ್ಲ. ಸಾಲಿನುದ್ದಕ್ಕೂ ಕಣ್ಣು ಹಾಯಿಸಿದರು. ನನ್ನ ಅಂಗೈ ತಿರುಗಿಸಿ, ಸಸಿ ಒತ್ತಿ ಒತ್ತಿ ದಡ್ಡುಗಟ್ಟಿದ ಹೆಬ್ಬೆರಳು ನೋಡಿ, ಸಾಹೇಬರ ಕಡೆ ತಿರುಗಿ ನಾಲ್ಕು ಮಾತು ಹೇಳಿದರು. ಈ ಸಲ ನಗಲಿಲ್ಲ.

ರವಿಶಂಕರ್ ದನಿ ಇಳಿಯಿತು. "ದರ್ಜಿ ಊರು ಹೊಲಿದಿದ್ದಾನೆ, ಭತ್ತ ಹಚ್ಚಿದವರು ಮಾತ್ರ ಭತ್ತ ಬಲ್ಲವರು ಅಂತಾರೆ. ಹಚ್ಚಿದ ಕೈಯೇ ಕೊಯ್ಯಬೇಕಂತೆ. ಅಲ್ಲಿವರೆಗೆ ಇವರನ್ನ ಇಲ್ಲಿಂದ ಕದಲಿಸಬಾರದಂತೆ. ಸಾಹೇಬ್ರು ಒಪ್ಪಿದ್ದಾರೆ."

"ಅದೇನೋ ಮ್ಬೋತೆನ್ ಅಂದ್ರಲ್ಲ ಮಾವ, ಹಂಗಂದ್ರೇನು?" ಹಂಪಮ್ಮ ಕೇಳಿದಳು.

"ಉಂಬೋತನ ಅಂದ್ರು," ಎಂದ ಬೂದೆಪ್ಪ ಮಾವ. "ಬೆಳಿ ಉಂಬೋತನ ಇಲ್ಲೇ ಇರ್ರಿ ಅಂತ. ನನಗೂ ಜಾವಾ ಬರತೈತಿ."

ಮೂಲೆಯ ಓರೆ ಬದುವಿನ ಫೋಟೋವನ್ನು ಆ ಅಮ್ಮ ತೆಗೆದುಕೊಂಡು ಹೋದರು. ಅದನ್ನು ಕಂಡು ರವಿಶಂಕರ್ ಅಲ್ಲೊಂದು ಬೋರ್ಡು ನೆಡಿಸಿದರು: ಜಾವಾದ ಸಾಂಪ್ರದಾಯಿಕ ಓರೆ ಬದು. ಊಟದ ಬಿಡುವಿನಲ್ಲಿ ಸಾಫ್ಟ್‌ವೇರ್ ಹುಡುಗರು ಅದರ ಮುಂದೆ ನಿಂತು ಫೋಟೋ ಹೊಡೆಸಿಕೊಳ್ಳುತ್ತಿದ್ದರು. ವಾರ್ಸಿತೊ ಊರಿಗೆ ಹೋಗುವಾಗ ಎಲ್ಲರಿಗೂ ತಲೆ ಬಾಗಿಸಿದ. ನನ್ನ ಮುಂದೆ ಮಾತ್ರ ಸೊಂಟ ಓರೆ ಮಾಡಿ ತೋರಿಸಿ ನಕ್ಕ.

ತೆನೆ ಹಾಲುಗಟ್ಟುವ ಹೊತ್ತಿಗೆ ಒಂದು ಬೆಳಿಗ್ಗೆ ರವಿಶಂಕರ್ ಓಡುತ್ತ ಬಂದರು.

"ಗದಿಗೆಮ್ಮ, ಸಾಹೇಬ್ರಿಗೆ ಭಾರಿ ಖುಷಿ. ಇನ್ನೊಂದು ಜಾವಾ ಗದ್ದೆ ಬೇಕಂತೆ. ಈ ಸಲ ಕಟ್ಟಡದ ತಾರಸಿ ಮೇಲೆ. ಆರನೇ ಮಹಡಿ! ಗಾಳಿ, ಬೆಳಕು, ಊರೆಲ್ಲ ಕಾಣುತ್ತೆ. ಹತ್ತಿ ನೋಡ್ಕೊಂಡು ಬರೋಣ ಬನ್ನಿ."

ಮೊಣಕಾಲವರೆಗೆ ಕೆಸರಿನಲ್ಲಿ ನಿಂತು ಕಳೆ ಕೀಳುತ್ತಿದ್ದೆ. ಇಲ್ಲ ಅನ್ನಲು ಈಗ ನನಗೆ ಎರಡು ಮಾತು ಬರುತ್ತಿದ್ದವು, ದೊಡ್ಡವರಿಗೆ ಅನ್ನುವುದು ಒಂದು, ಮಕ್ಕಳಿಗೆ ಗದರಿಸುವುದು ಇನ್ನೊಂದು. ಸೊಂಟ ನೆಟ್ಟಗೆ ಮಾಡಿ ಅವರ ಮುಖ ನೋಡಿದೆ.

"ಓರಾ," ಎಂದೆ.