ಕೊನೆಗೆ ಬಂದವರಿಗೆ ಡಬ್ಬ

ಶ್ರೀಪಾದರಾಯರ ಸೈಕಲ್ ಸವಾರಿಗೆ ಇದ್ದದ್ದು ಒಂದೇ ಕಾನೂನು. ಪ್ರತಿ ನಿಲ್ದಾಣಕ್ಕೂ ಎಲ್ಲರಿಗಿಂತ ಕೊನೆಗೆ ಬಂದವರು ಮುಂದಿನ ನಿಲ್ದಾಣದವರೆಗೆ ಊಟದ ಡಬ್ಬ ಹೊರಬೇಕು.

ವಡೋದರಾದ ಕನ್ನಡ ಸಂಘದವರು ಪ್ರತಿ ಡಿಸೆಂಬರಿನಲ್ಲೂ ಹೀಗೆ ಹೊರಡುತ್ತಿದ್ದರು. ಡಭೋಯಿಯ ಆಚೆ, ಕಲ್ಲು ಸಾಗಿಸಲೆಂದು ಮಹಾರಾಜರ ಕಾಲದಲ್ಲಿ ಹಾಕಿದ್ದ ಸಣ್ಣ ರೈಲಿನ ಹಳಿಗಳನ್ನು ಎಂದೋ ಕಿತ್ತುಹಾಕಿದ್ದರು. ಉಳಿದ ಏರಿ ಮಾತ್ರ ಓರಸಂಗ ನದಿಯ ಮಗ್ಗುಲಲ್ಲೇ, ತೊಗರಿ ಹತ್ತಿ ಔಡಲದ ಹೊಲಗಳ ನಡುವೆ ನರ್ಮದೆಯ ಕಡೆಗೆ ಸಾಗುತ್ತಿತ್ತು. ದಾರಿಯಲ್ಲಿ ಮೂರು ಪಾಳು ನಿಲ್ದಾಣಗಳು, ಆಮೇಲೆ ಮರಳು, ಆಮೇಲೆ ನೀರು. ಊಟ ನೀರಿನ ಪಕ್ಕದಲ್ಲೇ. ಅಲ್ಲಿಯವರೆಗೆ ಡಬ್ಬದ ಮುಚ್ಚಳ ತೆಗೆಯುವಂತಿಲ್ಲ.

ಶ್ರೀಪಾದರಾಯರ ಬ್ಯಾಂಕಿನ ಹುಡುಗರಷ್ಟೇ ಹೋಗುತ್ತಿದ್ದ ದಿನಗಳಲ್ಲಿ ಅದು ತಮಾಷೆಯ ಕಾನೂನು. ಡಬ್ಬದಲ್ಲಿ ಚಪಾತಿ, ಶೇಂಗಾ ಚಟ್ನಿ. ಈ ಸಲ ಇವನು, ಮುಂದಿನ ಸಲ ಅವನು. ಆದರೆ ಹಿಂದೆ ಬಿದ್ದವನಿಗೇ ಭಾರ, ಭಾರ ಹೊತ್ತವನೇ ಮತ್ತೆ ಹಿಂದೆ. ಬಿದ್ದವನಿಗೆ ಇನ್ನೊಂದು ಗುದ್ದು ಅನ್ನುವುದನ್ನು ಕಾನೂನು ಮಾಡಿಟ್ಟಂತಿತ್ತು ಅದು. ಹಿಂದೆ ಬೀಳದವರಿಗೆ ಅದು ಹೊಳೆದಿರಲಿಲ್ಲ.

ಆ ವರ್ಷ ಊಟ ತಂದವರು ಗಣೇಶ ಉಪಾಧ್ಯರು. ವಡೋದರಾದ ಫತೇಗಂಜಿನಲ್ಲಿ ಹಾಸ್ಟೆಲ್ ಹುಡುಗರಿಗೆ ದೋಸೆ ಹಾಕಿ ಹಾಕಿ ಹೊಟೇಲು ಕಟ್ಟಿದವರು. ಅವರ ಮಗಳು ಅಕ್ಷತಾ ಶ್ರೀಪಾದರಾಯರ ಮಗ ಆದರ್ಶನನ್ನು ಎರಡು ವರ್ಷದಿಂದ ಇಷ್ಟಪಡುತ್ತಿದ್ದಳು. ಆದರ್ಶನೂ ಅಷ್ಟೇ. ಆದರೆ ಅವನದು ಒಂದೇ ಮಾತು: "ಪಪ್ಪಾಗೆ ಹಿಡಿಸಬೇಕು, ಬಸ್, ಅಷ್ಟೇ." ಬ್ಯಾಂಕಿನ ದೊಡ್ಡ ಅಧಿಕಾರಿ ಶ್ರೀಪಾದರಾಯರಿಗೆ ಹೊಟೇಲಿನವರ ಸಂಬಂಧ ಹಿಡಿಸುವುದೋ ಇಲ್ಲವೋ ಹೇಳುವವರಿರಲಿಲ್ಲ. ಅವರೇ ಒಂದು ದಿನ ಹೊಟೇಲಿಗೆ ಬಂದು, ಕಾಫಿ ಕುಡಿದು, "ಸವಾರಿಗೆ ಬರ್ರಿ, ಮಗಳನ್ನೂ ಕರ್ಕೊಂಡ ಬರ್ರಿ. ನೋಡೋಣಂತ" ಅಂದಿದ್ದರು.

ಆ 'ನೋಡೋಣಂತ'ದ ಮೇಲೆ ಮನೆಯವರೆಲ್ಲ ಒಂದು ತಿಂಗಳು ಬದುಕಿದರು. ಅಕ್ಷತಾಳ ತಾಯಿ ಶಕುಂತಲಾ ಮಾತ್ರ ಗಂಡನನ್ನು ಬೇಡಿಕೊಂಡಿದ್ದರು. "ಹರ್ನಿಯಾ ಆಪರೇಶನ್ ಆಗಿ ಇನ್ನೂ ವರ್ಷ ಆಗ್ಲಿಲ್ಲ. ಭಾರ ಎತ್ತಬೇಡಿ ಅಂತ ಡಾಕ್ಟ್ರು ಹೇಳಿದ್ದು ಮರ್ತುಹೋಯ್ತಾ ನಿಮ್ಗೆ?"

"ಸೈಕಲ್ ಹೊರ್ತದೆ ಮಾರಾಯ್ತಿ, ನಾನು ಹೊರುದಾ?" ಎಂದು ಉಪಾಧ್ಯರು ನಕ್ಕಿದ್ದರು.

ಹೊಟೇಲಿನವನಿಂದ ಮಾತ್ರ ಆಗಬಹುದಾದ ತಪ್ಪನ್ನು ಅವರು ಮಾಡಿದ್ದರು. ಹತ್ತು ಹನ್ನೆರಡು ಮಂದಿಗೆ ಊಟ ಅಂದರೆ ಅವರ ಕೈ ತಾನಾಗಿಯೇ ಮೂವತ್ತು ಮಂದಿಗೆ ಅಳೆಯುತ್ತಿತ್ತು. ಬಡಿಸುವಾಗ ಪಾತ್ರೆಯ ತಳ ಕಂಡರೆ ಅದಕ್ಕಿಂತ ದೊಡ್ಡ ಅವಮಾನ ಅವರಿಗಿರಲಿಲ್ಲ. ಇಡ್ಲಿ, ಬಿಸಿಬೇಳೆಬಾತು, ಕಾಯಿ ಹೋಳಿಗೆ ತುಂಬಿದ ಸ್ಟೀಲಿನ ಡಬ್ಬವನ್ನು ಟೆಂಪೋದಿಂದ ಇಬ್ಬರು ಹಿಡಿದು ಇಳಿಸಬೇಕಾಯಿತು.

"ಇದೇನ್ರೀ, ಮದವಿ ಊಟ ಇಲ್ಲೇ ಮುಗಸ್ತೀರೇನು?" ಎಂದರು ಶ್ರೀಪಾದರಾಯರು. ಎಲ್ಲರೂ ನಕ್ಕರು. ಉಪಾಧ್ಯರು ಎಲ್ಲರಿಗಿಂತ ಹೆಚ್ಚು ನಕ್ಕರು. "ಮೊದಲನೇ ನಿಲ್ದಾಣದವರೆಗೆ ತಂದವರೇ ಹೊರಬೇಕು, ಅದೂ ಕಾನೂನೇ" ಎಂದ ಬ್ಯಾಂಕಿನವನೊಬ್ಬ.

ಹೊಟೇಲಿಗೆ ತರಕಾರಿ ತರುವ ಕರಿಯ ಸೈಕಲ್ಲಿನ ಕ್ಯಾರಿಯರಿಗೆ ಟ್ಯೂಬಿನಿಂದ ಡಬ್ಬ ಬಿಗಿದರು. ಉಳಿದವರದೆಲ್ಲ ಗೇರಿನ ಸೈಕಲ್ಲು. ಅಕ್ಷತಾಳದು ಗೆಳತಿಯಿಂದ ಕೇಳಿ ತಂದದ್ದು.

ಮೊದಲ ನಿಲ್ದಾಣ ಅಂದರೆ ಚಾವಣಿ ಇಲ್ಲದ ಒಂದು ಕೋಣೆ, ಅದರೊಳಗೆ ಬೆಳೆದ ಬೇವಿನ ಮರ. ಎಲ್ಲರೂ ನೀರು ಕುಡಿದು, ಬೆವರು ಆರಿ, ಎದ್ದು ನಿಲ್ಲುವ ಹೊತ್ತಿಗೆ ಉಪಾಧ್ಯರು ಬಂದರು. ಕ್ಯಾಶಿಯರ್ ತಿಮ್ಮಪ್ಪ ಬಾಯಿಗೆ ಎರಡು ಬೆರಳಿಟ್ಟು ಸಿಳ್ಳೆ ಹೊಡೆದ.

"ಗೂಡ್ಸ್ ಗಾಡಿ ಬಂತು, ದಾರಿ ಬಿಡಿ! ಎಲ್ಲಿಂದ ಲೋಡು, ಉಪಾಧ್ಯರೇ?"

"ಉಡುಪಿಯಿಂದ ಮಾರಾಯ್ರೆ. ಲೇಟು, ಆದ್ರೆ ಕ್ಯಾನ್ಸಲ್ ಇಲ್ಲ" ಎಂದರು ಉಪಾಧ್ಯರು ಏದುಸಿರಿನಲ್ಲಿ.

ಆದರ್ಶ ಬಗ್ಗಿ ಬಗ್ಗಿ ನಕ್ಕ. ಅಕ್ಷತಾಳಿಗೂ ನಗು ಬಂತು. ಅಪ್ಪನ ಮಾತಿಗೆ ನಕ್ಕೆನೋ, ತಿಮ್ಮಪ್ಪನ ಮಾತಿಗೋ ಎಂದು ಅವಳು ತನ್ನನ್ನೇ ಕೇಳಿಕೊಂಡಳು. ಉತ್ತರಕ್ಕೆ ಕಾಯಲಿಲ್ಲ.

ಎರಡನೆಯ ಹಾದಿಯಲ್ಲಿ ಅವಳು ಬೇಕೆಂದೇ ಹಿಂದೆ ಉಳಿದಳು. ಎಡಕ್ಕೆ ಓರಸಂಗ ನದಿ, ನೀರಿಗಿಂತ ಮರಳೇ ಹೆಚ್ಚು. ಅಪ್ಪನ ಎಡಗೈಯಲ್ಲಿ ಹ್ಯಾಂಡಲ್, ಬಲಗೈ ಆಗಾಗ ಹೊಟ್ಟೆಯ ಕೆಳಗೆ ಹೋಗಿ ಒತ್ತಿ ಬರುತ್ತಿತ್ತು.

"ನೋವುಂಟಾ ಪಪ್ಪಾ?"

"ಇಲ್ಲ ಮಗಾ. ನೀನು ಮುಂದೆ ಹೋಗು. ಅವರು ನೋಡ್ಬೇಕಾದದ್ದು ನಿನ್ನನ್ನ, ನನ್ನನ್ನಲ್ಲ."

ಇಬ್ಬರೂ ಒಟ್ಟಿಗೇ ತಲುಪಿದರು. ಅಪ್ಪ ಒಂದು ಚಕ್ರ ಹಿಂದೆ. ಅಕ್ಷತಾ ಶ್ರೀಪಾದರಾಯರ ಬಳಿಗೆ ಹೋಗಿ ಕೇಳಿದಳು. "ಅಂಕಲ್, ಡಬ್ಬ ಈಗ ನಾನು ತಗೊಳ್ಳಲಾ?"

ರಾಯರು ಕನ್ನಡಕ ಒರೆಸಿಕೊಂಡು ಅವಳನ್ನೇ ನೋಡಿದರು. "ಹಿಂದ ಬಂದವರಿಗೆ ಡಬ್ಬ, ತಂಗಿ. ಕೇಳಿ ತಗೊಳ್ಳೋದಲ್ಲ ಅದು. ನಾನಽ ಹಿಂದ ಬಿದ್ರೂ ನನ್ನ ಮಗ ಹೊರೂದಿಲ್ಲ." ಆಮೇಲೆ ತಗ್ಗಿದ ದನಿಯಲ್ಲಿ, "ಆದರ್ಶನ ಕೆಲಸ ನಿಂಗೊತ್ತು. ಇವತ್ತ ಸೂರತ್, ನಾಳೆ ಅಹಮದಾಬಾದ್. ತೌರುಮನಿ ಬೆನ್ನಿಗೆ ಕಟಗೊಂಡು ಓಡಾಡೋ ಹುಡುಗಿ ನಮಗ ಆಗಿ ಬರೂದಿಲ್ಲವಾ" ಎಂದರು.

ಬೈದಂತೆ ಇರಲಿಲ್ಲ. ಹವಾಮಾನದ ಬಗ್ಗೆ ಹೇಳಿದಂತೆ ಇತ್ತು.

ಆದರ್ಶ ಅವಳಿಗೆ ನೀರಿನ ಬಾಟಲಿ ಕೊಡುವ ನೆಪದಲ್ಲಿ ಹತ್ತಿರ ಬಂದ. "ಯಾರ್, ಪಪ್ಪಾ ದೇಖ್ ರಹೇ ಹೈಂ, ನೋಡ್ತಿದ್ದಾರೆ. ಒಂದೇ ಸ್ಟೇಜ್ ಉಳಿದಿರೋದು. ಪ್ಲೀಸ್, ನಿನ್ನ ಪಪ್ಪಾಗೆ ಅಂಟಿಕೊಂಡು ಬರಬೇಡ."

ಮೂರನೆಯ ನಿಲ್ದಾಣಕ್ಕೆ ಯಾರು ಕೊನೆಗೆ ಬರುತ್ತಾರೋ ಅವರು ಮರಳಿನಲ್ಲಿ ಡಬ್ಬ ಹೊರಬೇಕು. ಅಲ್ಲಿ ಸೈಕಲ್ ಓಡುವುದಿಲ್ಲ, ತಳ್ಳಿದರೂ ಚಕ್ರ ಹೂತುಹೋಗುತ್ತದೆ. ಹೆಗಲ ಮೇಲೆಯೇ ಆಗಬೇಕು. ಇದು ಎಲ್ಲರಿಗೂ ಗೊತ್ತಿತ್ತು. ಅಪ್ಪನ ಡಬ್ಬ ತಾನು ಹೊರಬೇಕೆಂದರೆ ಅಕ್ಷತಾಳಿಗೆ ಉಳಿದ ದಾರಿ ಒಂದೇ: ಅಪ್ಪನಿಗಿಂತ ಹಿಂದೆ ಬರುವುದು. ಎಲ್ಲರ ಕಣ್ಣೆದುರು, ಕೊನೆಗೆ.

ಮೊದಮೊದಲು ಅವಳು ಗುಂಪಿನ ಜೊತೆಗೇ ಹೋದಳು. ನಿಲ್ದಾಣದ ಗೋಡೆ ಕಾಣತೊಡಗಿದಾಗ ಚೈನು ಕಳಚಿದಂತೆ ನಟಿಸಿ ಇಳಿದಳು. ಗುಂಪು ಮುಂದೆ ಹೋಯಿತು. ನಿಲ್ದಾಣದ ಕಟ್ಟೆಯ ಮೇಲೆ ಅವರೆಲ್ಲ ಸಾಲಾಗಿ ಕೂತು ಇತ್ತ ನೋಡುವುದು ಕಾಣಿಸುತ್ತಿತ್ತು. ಜಾಲಿ ಮರದ ಕೆಳಗೆ ಅವಳು ನಿಂತಳು. ಗಾಳಿಯೂ ಇರಲಿಲ್ಲ.

ಅಪ್ಪ ಬಂದರು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಡಬ್ಬದಿಂದ ಸೋರಿದ ತುಪ್ಪ ಪ್ಯಾಂಟಿನ ಹಿಂಭಾಗಕ್ಕೆಲ್ಲ ಅಂಟಿ, ಅದರ ಮೇಲೆ ಏರಿಯ ಧೂಳು ಮೆತ್ತಿಕೊಂಡಿತ್ತು. ಒಂದು ಕಾಲು ನೆಲಕ್ಕೂರಿ ನಿಂತರು.

"ಮಗಾ," ಎಂದರು, "ಒಂಚೂರು ಹಿಂದೆ ಇರ್ತೀಯಾ? ಮರಳಿನಲ್ಲಿ ನನ್ಗೆ ಆಗುದಿಲ್ಲ. ಹೊಲಿಗೆ ಹಾಕಿದಲ್ಲಿ ಎಂತದೋ ಆಗ್ತಾ ಉಂಟು."

ಅಪ್ಪ ತನ್ನಲ್ಲಿ ಏನನ್ನಾದರೂ ಕೇಳಿದ್ದು ಅವಳಿಗೆ ನೆನಪಿರಲಿಲ್ಲ. ಗಲ್ಲಾದಲ್ಲಿ ಕೂರು ಎಂದು ಕೂಡ ಕೇಳಿದವರಲ್ಲ. ಆಗಲಿ ಎನ್ನಲು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಕಟ್ಟೆಯ ಮೇಲೆ ಶ್ರೀಪಾದರಾಯರು ಎದ್ದು ನಿಂತದ್ದು ಕಂಡಿತು. ಹಣೆಗೆ ಕೈಯಡ್ಡ ಹಿಡಿದು ನೋಡುತ್ತಿದ್ದರು.

ಅವಳು ಸೈಕಲ್ ಹತ್ತಿದಳು. ತುಳಿದಳು.

ಹಿಂದಿನಿಂದ ಕರಿಯ ಸೈಕಲ್ಲಿನ ಸದ್ದು ಬಂತು. ಅಪ್ಪ ತುಳಿಯುತ್ತಿದ್ದರು. ಸೋತು ಕೊಡಲು ತುಳಿಯುವ ಸದ್ದಲ್ಲ ಅದು, ಗೆಲ್ಲಲು ತುಳಿಯುವುದು. ಪೆಡಲಿನ ಮೇಲೆ ಎದ್ದು ನಿಂತು, ಪ್ರತಿ ಸಲ ಒತ್ತುವಾಗಲೂ ಗಂಟಲಿನಿಂದ ಹೊರಡುವ ಒಂದು ಸಣ್ಣ ನರಳಿಕೆ. ಅವರ ಮುಂದಿನ ಚಕ್ರ ಅವಳ ಪಕ್ಕಕ್ಕೇ ಬಂತು. ಕಟ್ಟೆಯ ಮೇಲೆ ಕೂಗಾಟ ಎದ್ದಿತು. "ಎಕ್ಸ್‌ಪ್ರೆಸ್, ಬಿಡಬೇಡ! ಗೂಡ್ಸ್ ಬಂತು, ಗೂಡ್ಸ್ ಬಂತು!" ಎಂದು ತಿಮ್ಮಪ್ಪ ಕುಣಿಯುತ್ತಿದ್ದ. ಅವಳು ತಿರುಗಿ ನೋಡಲಿಲ್ಲ. ನೋಡಿದ್ದರೆ ನಿಲ್ಲುತ್ತಿದ್ದಳು, ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ನೋಡಲಿಲ್ಲ. ಗೇರು ಬದಲಿಸಿದಳು.

ಒಂದು ಸೈಕಲ್ಲಿನ ಉದ್ದದಷ್ಟು ಮುಂದಾಗಿ ಅವಳು ಕಟ್ಟೆ ಮುಟ್ಟಿದಳು.

ಚಪ್ಪಾಳೆ ಬಿತ್ತು. ಶ್ರೀಪಾದರಾಯರು ಕೆಳಗಿಳಿದು ಬಂದು ಅವಳ ಬೆನ್ನು ತಟ್ಟಿದರು. "ಭಲೆ! ಅಪ್ಪಗೂ ಬಿಡಲಿಲ್ಲ ನೋಡ್ರಿ ಹುಡುಗಿ!" ಆಮೇಲೆ, ಸೈಕಲ್ಲಿಗೆ ಒರಗಿ ಬಾಯಿ ತೆರೆದು ಉಸಿರಾಡುತ್ತಿದ್ದ ಉಪಾಧ್ಯರ ಕಡೆ ತಿರುಗಿದರು. "ಉಪಾಧ್ಯರ, ನಮಗ ಒಪ್ಪಿಗಿ ಅದ. ಮುಂದಿನ ಮಾತು ಹೆಣ್ಣಮಕ್ಕಳು ಆಡ್ಲಿ."

ಉಪಾಧ್ಯರು ಎರಡೂ ಕೈ ಜೋಡಿಸಿದರು. ಅವರ ಕಣ್ಣಲ್ಲಿ ನೀರಿತ್ತು. ಸಂತೋಷದ್ದೇ ಇರಬೇಕು ಎಂದು ಎಲ್ಲರೂ ತಿಳಿದರು. ಅರ್ಧ ಸಂತೋಷದ್ದೂ ಆಗಿತ್ತು. ಅಕ್ಷತಾಳಿಗೆ ತಡೆಯಲಾಗದ್ದು ಆ ಅರ್ಧವೇ.

"ಒಳ್ಳೇದಾಯ್ತು ಮಗಾ," ಎಂದರು ಅವಳಿಗೆ. ಅಷ್ಟೇ. ಆಮೇಲೆ ಟ್ಯೂಬಿನ ಗಂಟು ಬಿಚ್ಚತೊಡಗಿದರು.

ಅವಳು ಡಬ್ಬದ ಒಂದು ಕಿವಿಗೆ ಕೈ ಹಾಕಿದಳು. ಅಪ್ಪ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. "ಬೇಡ. ನೋಡ್ತಾ ಇದ್ದಾರೆ."

ಮರಳಿನಲ್ಲಿ ಆದರ್ಶ ಅವಳ ಪಕ್ಕದಲ್ಲೇ ನಡೆದ. ಸೂರತ್ತಿಗೆ ವರ್ಗವಾದರೆ ಅಲ್ಲಿನ ಅಡಾಜಣ್ ಬಡಾವಣೆಯಲ್ಲಿ ತಾಪಿ ನದಿ ಕಾಣುವ ಫ್ಲ್ಯಾಟು ನೋಡೋಣ ಎಂದ. ಅವಳು ಹೂಂ ಅಂದಳು. ಹಿಂದೆ ಡಬ್ಬ ಮರಳಿಗೆ ಇಳಿಯುವ ಸದ್ದು, ಸ್ವಲ್ಪ ಹೊತ್ತು ಏನೂ ಇಲ್ಲ, ಮತ್ತೆ ಏಳುವ ಸದ್ದು. ಆ ನಡುವಿನ 'ಏನೂ ಇಲ್ಲ' ಪ್ರತಿ ಸಲವೂ ಉದ್ದವಾಗುತ್ತಿತ್ತು. ಆದರ್ಶನಿಗೆ ಅದು ಕೇಳಿಸುತ್ತಿರಲಿಲ್ಲ.

ನೀರಿನ ಬದಿಯಲ್ಲಿ ಎಲ್ಲರೂ ಸಾಲಾಗಿ ಕೂತರು. ಉಪಾಧ್ಯರು ಕೂರಲಿಲ್ಲ, ಎಡಗೈಯಿಂದ ಹೊಟ್ಟೆ ಒತ್ತಿ ಹಿಡಿದು, ಬಗ್ಗಿಕೊಂಡೇ ಬಡಿಸಿದರು. "ರುಚಿ ಅಂದ್ರ ಇದು," ಎಂದರು ಶ್ರೀಪಾದರಾಯರು. ತಿಮ್ಮಪ್ಪ ಮೂರು ಸಲ ಹಾಕಿಸಿಕೊಂಡ. ಎಲ್ಲರೂ ಸಾಕು ಸಾಕು ಎಂದು ಕೈಯಡ್ಡ ಹಿಡಿದರೂ ಡಬ್ಬ ಅರ್ಧದಷ್ಟು ಹಾಗೆಯೇ ಇತ್ತು. ರಸ್ತೆಯಲ್ಲಿ ಸುತ್ತಿ ಬಂದ ಟೆಂಪೋ ನಿಂತಿದ್ದು ಮರಳಿನ ಆಚೆ, ಮೂರನೆಯ ನಿಲ್ದಾಣದ ಹತ್ತಿರ; ಅಲ್ಲಿಯವರೆಗೆ ಹೊರುವ ಸರದಿ ಇನ್ನೂ ಉಪಾಧ್ಯರದೇ.

"ಚೆಲ್ಲಿಬಿಡೋಣ ಪಪ್ಪಾ," ಎಂದಳು ಅಕ್ಷತಾ ಮೆಲ್ಲಗೆ.

"ಅನ್ನ ಚೆಲ್ಲುದಾ?" ಅವರು ಅವಳ ತಟ್ಟೆಗೆ ಇನ್ನೊಂದು ಸೌಟು ಬಿಸಿಬೇಳೆಬಾತು ಹಾಕಿದರು. ದನಿಯಲ್ಲಿ ಕೋಪವಿರಲಿಲ್ಲ; ಗಿರಾಕಿಗಳ ಜೊತೆ ಮಾತಾಡುವ ಮೃದುವಾದ ದನಿ ಅದು. "ತಿನ್ನು ಮಗಾ. ನೀನು ತಿಂದಷ್ಟು ನನ್ಗೆ ಭಾರ ಕಡಿಮೆ."

ಅವಳು ತಿಂದಳು. ಗಂಟಲಿನವರೆಗೆ ತುಂಬಿಬಂದ ಮೇಲೂ ತಟ್ಟೆ ಮುಂದೆ ಹಿಡಿದಳು. ಅವರು ಹಾಕಿದರು, ಅವಳು ತಿಂದಳು.

"ಹಸಿವು ಛಲೋ ಅದ ನಮ್ಮ ಸೊಸಿಗೆ," ಎಂದು ಶ್ರೀಪಾದರಾಯರು ನಕ್ಕರು.