ಗುಟ್ಟಿನ ಅತಿಥಿ

ಶುಕ್ರವಾರ ಮಧ್ಯಾಹ್ನ ಮಗಳ ಸ್ಕೂಲ್ ಬ್ಯಾಗಿನಿಂದ ಹಳದಿ ಫೋಲ್ಡರ್ ತೆಗೆದು, ಅದರೊಳಗಿನ ಹಾಳೆಯನ್ನು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ಓದುವುದು ಚಂದ್ರಕಲಾಳ ಪಾಲಿಗೆ ವಾರದ ಹಬ್ಬವಾಗಿತ್ತು. ಹಬ್ಬ ಅಂದರೆ ಅತಿಯಾಯಿತು ಅನ್ನಬೇಡಿ. ಜರ್ಸಿ ಸಿಟಿಯ ಆ ಮೂರನೇ ಮಹಡಿಯ ಮನೆಯಲ್ಲಿ ಹಗಲಿಡೀ ಒಬ್ಬರೇ ಕೂತು ನೋಡಿ, ಆಮೇಲೆ ಮಾತಾಡಿ. ಯಾರೋ ಗುರುತಿಲ್ಲದವರು ಕಾಗದದ ಮೇಲೆ ‘ಪ್ರಿಯ ಪೋಷಕರೇ’ ಎಂದು ಕರೆದರೂ ಹಿತವಾಗುತ್ತದೆ.

ಹಾಳೆಯ ಒಂದು ಮಗ್ಗುಲು ಫ್ರೆಂಚ್, ಇನ್ನೊಂದು ಮಗ್ಗುಲು ಇಂಗ್ಲಿಷ್. ಅನ್ವಿತಾ ಹೋಗುತ್ತಿದ್ದುದು ಕಿಂಡರ್‌ಗಾರ್ಟನ್ನಿನಿಂದಲೇ ಎಲ್ಲವನ್ನೂ ಫ್ರೆಂಚಿನಲ್ಲಿ ಕಲಿಸುವ ಹೊಸ ಶಾಲೆಗೆ. ಫೀಸಿಲ್ಲ, ಚೀಟಿ ಎತ್ತಿ ಸೀಟು ಕೊಡುತ್ತಾರೆ ಎಂದು ಕೇಳಿ ಅವಳ ಗಂಡ ನಂಜುಂಡಸ್ವಾಮಿ ಮಗಳ ಹೆಸರು ಬರೆಸಿದ್ದ, ಹೆಸರು ಬಂದೇಬಿಟ್ಟಿತ್ತು. ‘ನಮ್ ಹುಡುಗಿ ಫ್ರೆಂಚಲ್ಲಿ ಓದ್ತಾಳೆ’ ಎಂದು ಮೈಸೂರಿನ ಬಂಧುಬಳಗಕ್ಕೆಲ್ಲ ಫೋನ್ ಮಾಡಿ ಹೇಳಿಕೊಂಡಿದ್ದ. ಅದು ವಸಂತದ ಮಾತು. ಆಗಿನ್ನೂ ಅವನಿಗೆ ಹೇಳಿಕೊಳ್ಳುವ ಹುಮ್ಮಸ್ಸಿತ್ತು. ಸೆಪ್ಟೆಂಬರಿನಲ್ಲಿ ಮ್ಯಾನ್‌ಹಟನ್ನಿನ ಬ್ಯಾಂಕುಗಳು ಒಂದೊಂದಾಗಿ ಕುಸಿಯತೊಡಗಿದ ಮೇಲೆ ಅವನು ಮನೆಗೆ ತರುತ್ತಿದ್ದುದು ಲ್ಯಾಪ್‌ಟಾಪ್ ಮತ್ತು ಮೌನ. ಅವನದು ಬ್ಯಾಂಕೊಂದರಲ್ಲಿ ಗುತ್ತಿಗೆಯ ಪ್ರಾಜೆಕ್ಟು. ಅದು ಇವತ್ತು ಹೋಗುತ್ತದೋ ನಾಳೆಯೋ ಎಂಬ ಚಿಂತೆಯಲ್ಲಿ ಅವನು ಊಟಕ್ಕೆ ಕೂತರೂ ಕೂತಂತೆ ಇರುತ್ತಿರಲಿಲ್ಲ.

ಚಂದ್ರಕಲಾಳ ವೀಸಾದಲ್ಲಿ ಕೆಲಸ ಮಾಡುವಂತಿಲ್ಲ. ಹಾಗಾಗಿ ಅವಳ ಲೋಕದ ಸುದ್ದಿಯೆಲ್ಲ ಆ ಹಾಳೆಯೇ. ಈ ವಾರ ಮಕ್ಕಳು ಉದುರಿದ ಎಲೆಗಳನ್ನು ಬಣ್ಣದ ಪ್ರಕಾರ ವಿಂಗಡಿಸಿದರು, ಬಸವನಹುಳುವಿನ ಹಾಡು ಕಲಿತರು, ಮೊಟ್ಟೆಯ ಖಾಲಿ ಡಬ್ಬಿಗಳಿದ್ದರೆ ಕಳಿಸಿ, ತಿಂಡಿಯಲ್ಲಿ ಕಡಲೆಕಾಯಿ ಬೇಡ. ಟೀಚರ್ ಮದಾಂ ಒದಿಲ್ ತರಗತಿಯಲ್ಲಿ ಇಂಗ್ಲಿಷಿನಲ್ಲಿ ಬಾಯಿ ಬಿಡುತ್ತಿರಲಿಲ್ಲ. ಬಾಗಿಲ ಬಳಿ ತಾಯಂದಿರಿಗೂ ಒಂದು ‘ಬೋಂಜೂರ್’, ಒಂದು ನಗು, ಅಷ್ಟೇ. ಹಾಳೆಯಲ್ಲಿ ಮಾತ್ರ ಆಕೆ ಬಾಯ್ತುಂಬ ಮಾತಾಡುತ್ತಿದ್ದಳು. ಕೊನೆಗೊಂದು ಸಾಲು ಪ್ರತಿ ವಾರವೂ ಇರುತ್ತಿತ್ತು: ‘ನಿಮ್ಮ ಮಗುವನ್ನು ಕೇಳಿ.’

ಚಂದ್ರಕಲಾ ತಪ್ಪದೆ ಕೇಳುತ್ತಿದ್ದಳು.

“ಇವತ್ತೇನ್ ಮಾಡ್ದೆ ಕಂದ ಸ್ಕೂಲಲ್ಲಿ?”

“ನಥಿಂಗ್.”

“ಬಸವನಹುಳು ಎಲ್ಲಿಗೆ ಹೋಯ್ತಂತೆ?”

“ಐ ಫರ್ಗಾಟ್, ಅಮ್ಮ.”

ಅಲ್ಲಿಗೆ ಸಂಭಾಷಣೆ ಮುಗಿಯಿತು. ಮಗಳು ಟಿವಿಯ ಮುಂದೆ, ತಾಯಿ ಕಿಟಕಿಯ ಮುಂದೆ.

ಆ ಚಳಿಗಾಲದ ಬಾಗಿಲಲ್ಲಿ ಹಾಳೆಯ ಬುಡದಲ್ಲಿ ಇನ್ನೊಂದು ಸಾಲು ಸೇರಿಕೊಂಡಿತು. ‘ಈ ವಾರ ನಾವು ಥಿಯೋಗೆ ಹೋಗಿ ಬಾ ಎಂದೆವು. ಅವನ ಮನೆಯವರು ಅಜ್ಜಿಯ ಊರಿಗೆ ಹೊರಟಿದ್ದಾರೆ.’ ಮುಂದಿನ ವಾರ ಕ್ಲೋಯಿ. ಅದರ ಮುಂದಿನ ವಾರ ಅವಳಿ ಹುಡುಗರಿಬ್ಬರು. ಕೆಲಸ ಹೋಯಿತು, ಮನೆ ಹೋಯಿತು ಎಂದು ಮದಾಂ ಒದಿಲ್ ಬರೆಯುತ್ತಿರಲಿಲ್ಲ. ಬರೆಯದಿದ್ದರೂ ಎಲ್ಲ ತಾಯಂದಿರಿಗೂ ಗೊತ್ತಾಗುತ್ತಿತ್ತು. ಚಂದ್ರಕಲಾ ಈಗ ಹಾಳೆಯನ್ನು ಬುಡದಿಂದಲೇ ಓದಲು ಶುರುಮಾಡಿದಳು.

ಅಂಥ ಒಂದು ಶುಕ್ರವಾರ ‘ಗುಟ್ಟಿನ ಅತಿಥಿ’ಯ ವಿಷಯ ಬಂತು. ಇದು ಇಲ್ಲಿನ ಶಾಲೆಗಳಲ್ಲಿ ನಡೆದುಬಂದ ಆಟ. ಯಾವುದೋ ಮಗುವಿನ ಅಪ್ಪನೋ ಅಮ್ಮನೋ ಗುಟ್ಟಾಗಿ ಹೆಸರು ಕೊಡಬೇಕು, ತಮ್ಮ ಬಗ್ಗೆ ದಿನಕ್ಕೊಂದರಂತೆ ಸುಳಿವು ಬರೆದು ಕಳಿಸಬೇಕು. ಟೀಚರ್ ಸೋಮವಾರದಿಂದ ಅವನ್ನು ಚಿತ್ರ ಬರೆದು ಬೋರ್ಡಿಗೆ ಅಂಟಿಸುತ್ತಾಳೆ, ಮಕ್ಕಳು ಯಾರಿರಬಹುದು ಎಂದು ಊಹಿಸುತ್ತಾರೆ. ಶುಕ್ರವಾರ ಅತಿಥಿ ಬಾಗಿಲು ತಟ್ಟಿ ಒಳಗೆ ಬಂದು ಒಂದು ಕಥೆ ಹೇಳುತ್ತಾರೆ.

ಚಂದ್ರಕಲಾ ಇಮೇಲ್ ಬರೆದಳು: ನನಗೆ ಫ್ರೆಂಚ್ ಬರುವುದಿಲ್ಲ, ಬರಬಹುದೇ? ಉತ್ತರ ಆ ದಿನವೇ ಬಂತು. ‘ನಿಮ್ಮ ಭಾಷೆಯಲ್ಲೇ ಹೇಳಿ. ಅರ್ಥವಾಗದ್ದನ್ನು ಕೇಳಿಸಿಕೊಳ್ಳುವುದು ನಮ್ಮ ಮಕ್ಕಳಿಗೆ ಚೆನ್ನಾಗಿ ಬರುತ್ತದೆ. ಕೊನೆಯ ಸುಳಿವು ಮಾತ್ರ ಸುಲಭವಾಗಿರಲಿ, ನಿಮ್ಮ ಮಗು ಕೂತಲ್ಲಿಂದ ಎದ್ದು ಕುಣಿಯುವಂತಿರಲಿ.’

ಸುಳಿವು ಬರೆಯಲು ಕೂತಾಗ ಅವಳಿಗೆ ಎಷ್ಟೋ ದಿನದ ಮೇಲೆ ಖುಷಿಯಾಯಿತು. ಸುಳ್ಳು ಒಂದೂ ಬರೆಯಲಿಲ್ಲ. ಬರಿಗಾಲಲ್ಲಿ ಓಡಿ ಪದಕ ಗೆದ್ದಿದ್ದೇನೆ. ಅದು ಖೋ ಖೋದಲ್ಲಿ, ಚಾಮರಾಜನಗರದ ಹೆಣ್ಣುಮಕ್ಕಳ ತಂಡಕ್ಕೆ ಅವಳೇ ಕ್ಯಾಪ್ಟನ್. ನನ್ನ ಕೆಂಪು ಸ್ಕೂಟರಿನಲ್ಲಿ ನನ್ನಷ್ಟೇ ದಪ್ಪದ ಹಣ್ಣು ಸಾಗಿಸಿದ್ದೇನೆ. ನಾನು ನೀರಿನ ಬಣ್ಣ ಬದಲಿಸಿದಾಗ ದೊಡ್ಡ ದೊಡ್ಡ ಹುಡುಗರು ಬಾಯಿ ಬಿಟ್ಟು ನೋಡಿದ್ದಾರೆ. ಮೈಸೂರಿನ ಕಾಲೇಜಿನಲ್ಲಿ ಅವಳು ಕೆಮಿಸ್ಟ್ರಿ ಲೆಕ್ಚರರ್ ಆಗಿದ್ದಳು. ಇನ್ನೊಂದು, ನನಗೆ ಹಾವೆಂದರೆ ಹೆದರಿಕೆಯಿಲ್ಲ, ಲಿಫ್ಟ್ ಎಂದರೆ ಹೆದರಿಕೆ. ಕೊನೆಯದು ಸುಲಭದ್ದು: ಶನಿವಾರ ಬೆಳಿಗ್ಗೆ ದೋಸೆ ಹುಯ್ಯುತ್ತೇನೆ.

ಸೋಮವಾರ ಅನ್ವಿತಾ ಊಟದ ಮೇಜಿನಲ್ಲಿ ತಾನಾಗಿ ಮಾತಾಡಿದಳು. ಅದೇ ದೊಡ್ಡ ಸಂಗತಿ. ಬರಿಗಾಲಲ್ಲಿ ಓಡುವವರು ಲೂಕಾನ ಅಪ್ಪನೇ ಸರಿ, ಅವರು ಮ್ಯಾರಥಾನ್ ಓಡ್ತಾರೆ ಎಂದಳು. ಮಂಗಳವಾರ, ಸ್ಕೂಟರ್ ಇರುವುದು ಜೋಯಿಯ ಅಮ್ಮನ ಹತ್ತಿರ. ಚಂದ್ರಕಲಾ ನಗು ತಡೆದುಕೊಂಡು ಅನ್ನ ಬಡಿಸಿದಳು. ಗಂಡನ ಕಡೆ ಕಳ್ಳನೋಟ ಬೀರಿದಳು. ಆ ಕೆಂಪು ಸ್ಕೂಟರಿನ ಹಿಂದೆ ಕೂತು ಅವನೇ ಚಾಮುಂಡಿಬೆಟ್ಟ ಹತ್ತಿಲ್ಲವೇ? ಸ್ವಾಮಿ ಮೊಸರನ್ನ ಕಲಸುತ್ತಲೇ ಇದ್ದ, ಕಣ್ಣು ಬ್ಲ್ಯಾಕ್‌ಬೆರಿ ಫೋನಿನ ಮೇಲಿತ್ತು.

ಬುಧವಾರ ನೀರಿನ ಬಣ್ಣದ ಸುಳಿವು.

“ಮೆಜಿಷಿಯನ್ ಇರ್ಬೇಕು. ಯಾರ ಅಪ್ಪ ಮೆಜಿಷಿಯನ್ ಅಮ್ಮ?”

“ಅಪ್ಪನೇ ಯಾಕಿರ್ಬೇಕು? ಅಮ್ಮ ಇರ್ಬಾರ್ದಾ? ನಾನೇ ಇರಬಹುದಲ್ವಾ?”

ಅನ್ವಿತಾ ನಕ್ಕಳು. ಕೆಟ್ಟ ನಗುವಲ್ಲ, ತಮಾಷೆ ಕೇಳಿದಾಗ ನಗುವ ನಗು. “ನೋ ಅಮ್ಮ. ಯು ಡೋಂಟ್ ಡೂ ಎನಿಥಿಂಗ್. ಯು ಆರ್ ಜಸ್ಟ್ ಹೋಮ್.”

ಆ ಮಾತು ನಾಟಿತು. ಐದು ವರ್ಷದ ಮಗುವಿನ ಮಾತಿಗೆ ಯಾರಾದರೂ ಬೇಜಾರು ಮಾಡಿಕೊಳ್ಳುತ್ತಾರೆಯೇ ಎಂದು ತನಗೆ ತಾನೇ ಹೇಳಿಕೊಂಡು, ಪಾತ್ರೆಗಳ ಮುಂದೆ ನಿಂತು ಚೆನ್ನಾಗಿ ಬೇಜಾರು ಮಾಡಿಕೊಂಡಳು. ಮಗು ಹೇಳಿದ್ದರಲ್ಲಿ ತಪ್ಪೇನಿದೆ? ಅದು ಹುಟ್ಟಿದ ಮೇಲೆ ಕಂಡ ಅಮ್ಮ ಇವಳೇ. ಕುಕ್ಕರು, ಲಾಂಡ್ರಿ, ಕಿಟಕಿ. ಓಡಿದವಳನ್ನು, ಗಾಡಿ ಓಡಿಸಿದವಳನ್ನು ಅದಕ್ಕೆ ತೋರಿಸಿದವರು ಯಾರು?

ಗುರುವಾರ ಬೆಳಿಗ್ಗೆ ಅವಳು ಮದಾಂ ಒದಿಲ್‌ಗೆ ಬರೆದಳು. ದೋಸೆಯ ಸುಳಿವು ಬೇಡ. ದೋಸೆ ಎಂದರೆ ಮಗಳು ಕೂಡಲೇ ಹಿಡಿಯುತ್ತಾಳೆ, ಅದು ಅವಳಿಗೆ ಗೊತ್ತಿತ್ತು. ಆದರೆ ದೋಸೆಯಿಂದ ಗುರುತು ಸಿಗುವುದಾದರೆ ಇಷ್ಟೆಲ್ಲ ಯಾಕೆ? ಅದರ ಬದಲು ಹೀಗೆ ಬರೆದಳು: ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆದರೆ ನನ್ನ ಸದ್ದು ಮೈದಾನದ ಆಚೆ ತುದಿಗೂ ಕೇಳುತ್ತದೆ. ತಂಡವನ್ನು ಒಟ್ಟುಗೂಡಿಸಲು ಹೊಡೆಯುತ್ತಿದ್ದ ಸಿಳ್ಳೆ ಅದು. ಗಂಡುಬೀರಿ ಎಂದು ಅವ್ವನಿಂದ ಬೈಸಿಕೊಂಡಿದ್ದು ಅದಕ್ಕೇ. ಮದುವೆಯಾದ ಮೇಲೆ ಒಮ್ಮೆಯೂ ಹೊಡೆದಿರಲಿಲ್ಲ.

ಶುಕ್ರವಾರ ಹಸಿರು ಮೈಸೂರು ಸಿಲ್ಕ್ ಸೀರೆ ಉಟ್ಟು, ಮೇಲೆ ದಪ್ಪ ಜಾಕೆಟ್ ಹಾಕಿಕೊಂಡು ತರಗತಿಯ ಬಾಗಿಲ ಹೊರಗೆ ನಿಂತಳು. ಒಳಗೆ ಮದಾಂ ಒದಿಲ್ ಸುಳಿವುಗಳನ್ನು ಓದುತ್ತಿದ್ದುದು ಕೇಳುತ್ತಿತ್ತು. ಮಕ್ಕಳು ಹೆಸರು ಕೂಗುತ್ತಿದ್ದರು. ಲೂಕಾನ ಅಪ್ಪ, ಜೋಯಿಯ ಅಮ್ಮ, ಇನ್ನಾರದೋ ತಾತ. ಅಷ್ಟರಲ್ಲಿ ಅನ್ವಿತಾಳ ಸ್ವರವೂ ಕೇಳಿತು. ಅವಳೂ ಬೇರೆ ಯಾರದೋ ಹೆಸರು ಕೂಗಿದಳು. ಚಂದ್ರಕಲಾಗೆ ತಿರುಗಿ ಮನೆಗೆ ಹೋಗಿಬಿಡೋಣ ಅನ್ನಿಸಿತು. ಆದರೆ ಸೀರೆ ಉಟ್ಟು ಈ ಚಳಿಯಲ್ಲಿ ಇಷ್ಟು ದೂರ ನಡೆದು ಬಂದವಳು ಹಾಗೆ ಹೋಗುವುದುಂಟೇ? ಬಾಗಿಲು ತಟ್ಟಲಿಲ್ಲ. ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆದಳು.

ಒಳಗೆ ಗಪ್‌ಚಿಪ್. ಕಾರಿಡಾರಿನ ಕೊನೆಯಲ್ಲಿ ಯಾರೋ ಬಾಗಿಲು ತೆರೆದು ಇಣುಕಿದರು. ಮದಾಂ ಒದಿಲ್ ನಗುತ್ತ ಬಾಗಿಲು ತೆಗೆದಳು.

ನೆಲದ ಮೇಲೆ ವೃತ್ತವಾಗಿ ಕೂತ ಮಕ್ಕಳಲ್ಲಿ ಅನ್ವಿತಾ ಮೊದಲು ಅಮ್ಮನನ್ನು ನೋಡಿದಳು. ಆಮೇಲೆ ಕತ್ತು ಉದ್ದ ಮಾಡಿ, ಒಂದಿಷ್ಟು ಪಕ್ಕಕ್ಕೆ ವಾಲಿ, ಅಮ್ಮನ ಬೆನ್ನ ಹಿಂದೆ ನೋಡಿದಳು. ಸಿಳ್ಳೆ ಹೊಡೆದವರು ಹಿಂದೆ ಬರುತ್ತಿದ್ದಾರೇನೋ ಎಂದು.

ಹಿಂದೆ ಯಾರೂ ಇರಲಿಲ್ಲ. ಚಂದ್ರಕಲಾ ಜಾಕೆಟ್ ಬಿಚ್ಚುವ ನೆಪದಲ್ಲಿ ಒಂದು ಗಳಿಗೆ ಗೋಡೆಯ ಕಡೆ ತಿರುಗಿ ನಿಂತಳು.

ಆಮೇಲೆ ಪುಟ್ಟ ಕುರ್ಚಿಯೊಂದನ್ನು ಎಳೆದುಕೊಂಡು ಕೂತು, ಅದನ್ನೇ ಸ್ಕೂಟರ್ ಮಾಡಿಕೊಂಡಳು. ಕೈಯಲ್ಲಿ ಪುಸ್ತಕವಿರಲಿಲ್ಲ. ನಂಜನಗೂಡಿನಿಂದ ಮೈಸೂರಿಗೆ ಹಲಸಿನ ಹಣ್ಣು ತಂದ ಕಥೆಯನ್ನು ಕನ್ನಡದಲ್ಲೇ ಹೇಳಿದಳು. ಹಣ್ಣನ್ನು ಕಾಲಬುಡದಲ್ಲಿ ಇಟ್ಟುಕೊಂಡಿದ್ದು, ಘಮ ಹಿಡಿದು ಹಸುವೊಂದು ಬೆನ್ನು ಹತ್ತಿದ್ದು, ಹಂಪಿನ ಮೇಲೆ ಗಾಡಿ ಎಗರಿ ಹಣ್ಣು ಉರುಳಿಕೊಂಡು ಪೊಲೀಸ್ ಠಾಣೆಯ ಒಳಗೇ ಹೋಗಿದ್ದು. ಮಕ್ಕಳು ಕಣ್ಣು ಮಿಟುಕಿಸದೆ ಕೇಳಿದರು. ಅವಳು ತಿರುವಿನಲ್ಲಿ ವಾಲಿದರೆ ಅವರೂ ವಾಲಿದರು. ತಿಳಿಯದ ಮಾತನ್ನು ನಂಬಿಕೆಯಿಂದ ಕೇಳುವುದೇ ಅವರಿಗೆ ದಿನದ ಪಾಠವಾಗಿತ್ತಲ್ಲ. ಈ ದೇಶಕ್ಕೆ ಬಂದ ಮೇಲೆ ಅವಳ ಮಾತನ್ನು ಇಷ್ಟು ಹೊತ್ತು ಯಾರೂ ಕೇಳಿಸಿಕೊಂಡಿರಲಿಲ್ಲ.

ಅನ್ವಿತಾಗೆ ಮಾತ್ರ ಮಾತೂ ಅರ್ಥವಾಗುತ್ತಿತ್ತು. ಪೊಲೀಸಪ್ಪ ಹಣ್ಣಿಗೇ ಸೆಲ್ಯೂಟ್ ಹೊಡೆದ ಎಂದಾಗ ಅವಳು ಎಲ್ಲರಿಗಿಂತ ಮೊದಲು ನಕ್ಕಳು, ಅವಳು ನಕ್ಕಿದ್ದಕ್ಕೆ ಉಳಿದವರು ನಕ್ಕರು. ಪಕ್ಕದ ಹುಡುಗ ಏನೋ ಕೇಳಿದ. ಅನ್ವಿತಾ ಎದ್ದು ನಿಂತು ಫ್ರೆಂಚಿನಲ್ಲಿ ಕಥೆ ಹೇಳತೊಡಗಿದಳು, ಕೈ ಅಗಲಿಸಿ ಹಣ್ಣಿನ ಗಾತ್ರ ತೋರಿಸಿದಳು. ಚಂದ್ರಕಲಾ ಪುಟ್ಟ ಕುರ್ಚಿಯಲ್ಲಿ ಕೂತು, ತನ್ನದೇ ಕಥೆ ತನಗೆ ಬಾರದ ಭಾಷೆಯಲ್ಲಿ ಸಾಗುವುದನ್ನು ಕೇಳಿದಳು. ಹೆಮ್ಮೆಯೂ ಆಯಿತು, ಅಳುವೂ ಬಂತು.

ಮನೆಗೆ ನಡೆಯುವಾಗ ಅನ್ವಿತಾ ಅಮ್ಮನ ಕೈ ಹಿಡಿದು ಎಳೆದಳು.

“ಸ್ಕೂಟರ್ ನಿಜವಾ ಅಮ್ಮ? ವೇರ್ ಈಸ್ ಇಟ್ ನೌ?”

“ಬರೋವಾಗ ಮಾರ್ಬಿಟ್ವಿ ಕಂದ.”

“ವೈ ಡಿಡಂಟ್ ಯು ಟೆಲ್ ಮಿ?”

ಯಾಕೆ ಹೇಳಲಿಲ್ಲ? ಚಂದ್ರಕಲಾ ಮಗಳ ಟೋಪಿಯನ್ನು ಕಿವಿಯ ಮೇಲೆ ಎಳೆದಳು. ಮಕ್ಕಳನ್ನು ಕೇಳಿ ಎಂದು ಹಾಳೆ ಪ್ರತಿ ವಾರ ಹೇಳುತ್ತದೆ. ಅಮ್ಮಂದಿರನ್ನು ಕೇಳಿ ಎಂದು ಮಕ್ಕಳಿಗೆ ಹೇಳುವವರಿಲ್ಲ.

ಸ್ವಾಮಿ ಆ ದಿನ ಸಂಜೆ ಬೆಳಕಿರುವಾಗಲೇ ಮನೆಗೆ ಬಂದ. ಶೂ ಬಿಚ್ಚದೆ ಸೋಫಾದ ಮೇಲೆ ಕೂತ.

“ಮುಗೀತು ಕಲಾ,” ಎಂದ. “ಈ ತಿಂಗಳಿಗೆ ಪ್ರಾಜೆಕ್ಟ್ ಕ್ಲೋಸ್. ಬೇರೆ ಕಡೆ ಯಾರೂ ತಗೊಳ್ತಿಲ್ಲ. ಹೊರಡ್ಬೇಕಾಗತ್ತೆ.”

ಅವಳು ಅವನ ಪಕ್ಕ ಕೂತು ಭುಜದ ಮೇಲೆ ಕೈಯಿಟ್ಟಳು. ಮುಂದಿನ ಯಾವುದೋ ಶುಕ್ರವಾರ ಹಾಳೆಯ ಬುಡದ ಸಾಲಿನಲ್ಲಿ ಬರುವ ಹೆಸರು ಯಾರದೆಂದು ಗೊತ್ತಾಯಿತು. ಸ್ವಾಮಿ ನೆಲ ನೋಡುತ್ತಲೇ, ಏನಾದರೂ ಕೇಳಬೇಕಲ್ಲ ಎಂಬಂತೆ ಕೇಳಿದ.

“ನೀನೇನ್ ಮಾಡ್ದೆ ಇವತ್ತು?”

ಅವಳು ಉಟ್ಟಿದ್ದ ಸಿಲ್ಕ್ ಸೀರೆ ಅವನ ಕಣ್ಣಿಗೆ ಬಿದ್ದಿರಲಿಲ್ಲ. ಈ ಹೊತ್ತಿನಲ್ಲಿ ಹಲಸಿನ ಹಣ್ಣಿನ ಕಥೆ ಎಲ್ಲಿಂದ ಶುರುಮಾಡುವುದು?

“ಏನಿಲ್ಲ,” ಎಂದಳು.

ಬಾತ್‌ರೂಮಿನಿಂದ ಫೂ ಫೂ ಎಂಬ ಸದ್ದು ಬರುತ್ತಿತ್ತು. ಅನ್ವಿತಾ ಬಾಗಿಲಿಗೆ ಬಂದಳು. ಗಲ್ಲವೆಲ್ಲ ಎಂಜಲಾಗಿತ್ತು, ಎರಡು ಬೆರಳು ಇನ್ನೂ ಬಾಯಲ್ಲೇ ಇದ್ದವು.

“ಬರ್ತಿಲ್ಲ ಅಮ್ಮ. ಶೋ ಮಿ ಅಗೇನ್.”

ಚಂದ್ರಕಲಾ ಗಂಡನ ಬಾಗಿದ ತಲೆಯನ್ನು ನೋಡಿದಳು, ಮಗಳನ್ನು ನೋಡಿದಳು. ಎದ್ದು ಹೋಗಿ ಅವಳ ಪಕ್ಕ ನಿಂತು, ಬೆರಳು ಮಡಿಸುವ ಬಗೆ ತೋರಿಸಿ, ಉಸಿರೆಳೆದು ಹೊಡೆದಳು. ಕಿಟಕಿಯ ಗಾಜು ಅದುರಿತು. ಕೆಳಗಿನ ಮನೆಯವರು ಸೂರಿಗೆ ಏನೋ ಕುಟ್ಟಿದರು.

ಸ್ವಾಮಿ ದಡಬಡಿಸಿ ತಲೆಯೆತ್ತಿದ. ಹೆಂಡತಿಯನ್ನು ನೋಡಿದ. ಆಮೇಲೆ ಕತ್ತು ವಾಲಿಸಿ ಅವಳ ಬೆನ್ನ ಹಿಂದೆ ನೋಡಿದ.

“ಅಲ್ಲಿ ಯಾರೂ ಇಲ್ಲ ಅಪ್ಪ,” ಎಂದಳು ಅನ್ವಿತಾ. “ಅದು ಅಮ್ಮ.”